ಎರಡು ದಿನಕ್ಕೆಂದು ನಿಲ್ಲಿಸಿದ ಕಾರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಕಂಡುಹಿಡಿದಿದ್ದಳು. ಅಂಥ ನಾನು, ನನ್ನದೇ ಜಾಗದಲ್ಲಿ ನೆರೆಮನೆಯವರ ಕಾರು ಎರಡು ವರ್ಷ ನಿಂತಿದ್ದರೂ ಬಾಯಿ ಬಿಡಲಿಲ್ಲ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಸುಮ್ಮನಿದ್ದುದಕ್ಕೆ ಕಾರಣವಿತ್ತು. ಆ ಕಾರನ್ನು ಅಲ್ಲಿ ನಿಲ್ಲಿಸಿ ಹೋದ ಹುಡುಗ ಮತ್ತೆ ಮನೆಗೆ ಬರಲಿಲ್ಲ.

ನಮ್ಮ ಮನೆಯ ಗೋಡೆಗೂ ಅವರ ಕಾಂಪೌಂಡಿಗೂ ನಡುವೆ ಒಂಬತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಒಂದು ಪಟ್ಟಿ ಇದೆ. ಪತ್ರದಲ್ಲೂ ನನ್ನದು, ನಕ್ಷೆಯಲ್ಲೂ ನನ್ನದು. ಆ ಬಗ್ಗೆ ಯಾರಿಗೂ ತಕರಾರಿಲ್ಲ, ನೆರೆಯವರಿಗಂತೂ ಇಲ್ಲವೇ ಇಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ಬಟ್ಟು, ಲೀಟರು ಡಬ್ಬಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ. ಬೀದಿಯಲ್ಲೆಲ್ಲ ಅವರಿಗೆ ತಕ್ಕಡಿಯವರು ಎಂದೇ ಹೆಸರು. ಅವರು ಬೀದಿ ತಿರುವಿನಲ್ಲಿ ಕಾಣಿಸಿಕೊಂಡರೆ ದಿನಸಿ ಅಂಗಡಿಯವನು ತೂಕಕ್ಕೆ ಎರಡು ಕಾಳು ಹೆಚ್ಚಿಗೆ ಹಾಕುತ್ತಾನೆ ಎಂದು ನಾವು ನಗುತ್ತಿದ್ದೆವು. ಅಂಥ ಮನುಷ್ಯ ಇನ್ನೊಬ್ಬರ ಅಂಗೈಯಗಲ ಜಾಗಕ್ಕೂ ಆಸೆಪಡುವವರಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಮುಂದೆ ನಾನು ಏನು ಮಾಡಿದೆ ಎಂಬುದನ್ನೇ ಹೇಳಹೊರಟಿದ್ದೇನೆ.

ಅವರಿಗೆ ಒಬ್ಬನೇ ಮಗ. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡುತ್ತಿದ್ದ. ಆರು ಅಡಿ ಎರಡು ಇಂಚು ಎತ್ತರ. ಅಪ್ಪ ಅವನ ಭುಜಕ್ಕೂ ಬರುತ್ತಿರಲಿಲ್ಲ. 'ಅಳತೆ ಇಲಾಖೆಯವರ ಮನೆಯಲ್ಲೇ ಅಳತೆ ತಪ್ಪಿದೆ' ಎಂದು ನಾನು ರೇಗಿಸಿದರೆ ಅಪ್ಪ ಮಗ ಇಬ್ಬರೂ ನಗುತ್ತಿದ್ದರು. ಮೂರನೇ ಕೈಯಿಂದ ಕೊಂಡ ಹಳೆಯ ಸಣ್ಣ ಕಾರೊಂದನ್ನು ಹುಡುಗ ಬೀದಿಯಲ್ಲೇ ನಿಲ್ಲಿಸುತ್ತಿದ್ದ. ಅವರ ಗೇಟು ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲ.

ಒಂದು ಸಂಜೆ ಅವನು ನಮ್ಮ ಬಾಗಿಲಿಗೆ ಬಂದ. ಮರುದಿನ ಬೀದಿಗೆ ಡಾಂಬರು ಹಾಕುವವರಿದ್ದರು.

"ಮಾವ, ಎರಡು ದಿನ ನಿಮ್ಮ ಜಾಗದಲ್ಲಿ ಗಾಡಿ ನಿಲ್ಲಿಸ್ಲಾ? ಡಾಂಬರು ಒಣಗಿದ ಮೇಲೆ ತೆಗೀತೀನಿ."

"ಎರಡು ದಿನ ಯಾಕಪ್ಪ, ನಾಲ್ಕು ದಿನ ನಿಲ್ಲಿಸು. ಅಲ್ಲೇನು ನಾನು ಹಸು ಕಟ್ಟಬೇಕಾ" ಎಂದೆ.

ಮರುದಿನ ಕಾರು ಹೊರಗೆ ತೆಗೆಯುವ ಹಾಗಿರಲಿಲ್ಲವಾದ್ದರಿಂದ ಜೊತೆಯವನೊಬ್ಬನ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಹೋದ. ದಾರಿಯಲ್ಲಿ ಲಾರಿ ಬಂತು. ಜೊತೆಯವನು ಬದುಕಿಕೊಂಡ.

ಕಾರು ಅಲ್ಲೇ ಉಳಿಯಿತು. ಮೊದಲ ತಿಂಗಳು ಯಾರು ತಾನೇ ಅದರ ಮಾತು ಎತ್ತುತ್ತಾರೆ. ಆಮೇಲೆ ಆರು ತಿಂಗಳು, ಆಮೇಲೆ ವರ್ಷ. ಚಕ್ರಗಳ ಗಾಳಿ ಇಳಿಯಿತು. ಬಾನೆಟ್ಟಿನ ಮೇಲೆ ಎಲೆ ಕೊಳೆಯಿತು. ತಕ್ಕಡಿಯವರು ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಬಂದು, ಹಿಂದಿನ ಬಾಗಿಲ ಗಾಜನ್ನು ಮಾತ್ರ ಕರವಸ್ತ್ರದಿಂದ ಒರೆಸಿ, ಅದರೊಳಗೆ ಒಂದೆರಡು ನಿಮಿಷ ನೋಡುತ್ತ ನಿಂತು ಹೋಗುತ್ತಿದ್ದರು. ಬಾಗಿಲು ತೆಗೆಯುತ್ತಿರಲಿಲ್ಲ.

ನನ್ನದು ಕಾರಿನ ಸೀಟು ಹೊಲಿಯುವ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಹರಿದ ಸೀಟು, ಕುಸಿದ ಸ್ಪಂಜು, ಮಕ್ಕಳು ವಾಂತಿ ಮಾಡಿದ್ದು, ನಾಯಿ ಕಚ್ಚಿದ್ದು, ಎಲ್ಲ ಬರುತ್ತವೆ. ಅದೇ ಗಾಜಿನೊಳಗೆ ನಾನೂ ಇಣುಕಿದ್ದೇನೆ. ನನಗೆ ಕಂಡದ್ದು ಬೂಷ್ಟು. ಚಾಲಕನ ಸೀಟಿನ ಬೆನ್ನಿಗೆ ಹಸಿರುಗಪ್ಪಾಗಿ ಹಬ್ಬಿತ್ತು. ಮುಚ್ಚಿದ ಗಾಡಿಯ ಒಳಗೆ ತೇವ ಕೂತರೆ ಏನಾಗುತ್ತದೆ ಎಂದು ನನಗೆ ಗೊತ್ತು. ನೋಡಿದಾಗಲೆಲ್ಲ ಕೈ ಕಡಿಯುತ್ತಿತ್ತು.

"ದಿನಾ ಏನು ನೋಡ್ತಾರೆ ಅದರೊಳಗೆ?" ಎಂದು ಒಮ್ಮೆ ಹೆಂಡತಿಯನ್ನು ಕೇಳಿದೆ.

"ಮಗನ್ನ ನೋಡ್ತಾರೆ ರೀ."

"ಒಳಗೆ ಯಾರಿದ್ದಾರೆ ನೋಡೋಕೆ? ಬೂಷ್ಟು ಬೆಳೆದಿದೆ ಅಷ್ಟೆ."

ಅವಳು ನನ್ನನ್ನೇ ನೋಡಿ, "ನಿಮಗೆ ಸೀಟು ಬಿಟ್ಟು ಬೇರೆ ಏನೂ ಕಾಣಲ್ಲ" ಎಂದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರು. ಟೀಚರಾಗಿದ್ದಳು ಎನ್ನಬೇಕು. ಮನೆಯಲ್ಲಿ ಇಬ್ಬರೂ ಸೂಜಿ ಹಿಡಿಯುವವರಾದರೂ ಹರಿದ ತಲೆದಿಂಬು ಹರಿದೇ ಇರುತ್ತದೆ ಎಂದು ಬಂದವರ ಮುಂದೆ ಹೇಳಿ ನಗುವವಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು, ಒಂದು ಕಡೆ ನಿಂತದ್ದೇ ಇಲ್ಲ. ಶಾಲೆ, ಮಾರುಕಟ್ಟೆ, ಗೆಳತಿಯರ ಮನೆ, ಮತ್ತೆ ಮಾರುಕಟ್ಟೆ. ಸಕ್ಕರೆ ಕಾಯಿಲೆ ಇತ್ತು. ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ ತೆಗೆದರು.

ಗಾಲಿಕುರ್ಚಿ ಬಂತು. ಮನೆಯೊಳಗೆ ಅವಳು ಅದನ್ನು ವಾರದಲ್ಲಿ ಪಳಗಿಸಿಕೊಂಡಳು, ಅಡುಗೆಮನೆಯ ತಿರುವಿನಲ್ಲಿ ನನ್ನ ಕಾಲ ಮೇಲೇ ಹತ್ತಿಸಿ 'ಹಾರ್ನ್ ಕೇಳಿಸ್ಲಿಲ್ವಾ' ಎನ್ನುವಷ್ಟು. ಆದರೆ ಹೊರಗೆ ಹೋಗುವುದು ಹೇಗೆ? ಮುಂಬಾಗಿಲಿಗೆ ಐದು ಮೆಟ್ಟಿಲು, ಕೆಳಗೆ ಇಳಿದರೆ ನೇರ ಬೀದಿ. ಆಸ್ಪತ್ರೆಗೆ ಹೋಗಬೇಕಾದಾಗ ಇಬ್ಬರು ಗಂಡಸರನ್ನು ಕರೆದು ಕುರ್ಚಿಯ ಸಮೇತ ಎತ್ತಿಸಬೇಕಿತ್ತು. ಎರಡನೇ ಸಲ ಎತ್ತಿಸಿದಾಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ವಾಪಸು ಬಂದ ಮೇಲೆ, "ಇನ್ಮೇಲೆ ಡಾಕ್ಟರೇ ಮನೆಗೆ ಬರಲಿ, ಇಲ್ಲಾಂದ್ರೆ ನಾನು ಸಾಯ್ತೀನಿ, ಮೂಟೆ ಥರ ಮಾತ್ರ ಹೋಗಲ್ಲ" ಎಂದಳು. ಅದಾದ ಮೇಲೆ ಹನ್ನೊಂದು ತಿಂಗಳು ಹೊಸ್ತಿಲು ದಾಟಲಿಲ್ಲ. ನಗುವುದೂ ಕಡಿಮೆಯಾಯಿತು. ಗೆಳತಿಯರು ಬಂದರೆ ನಿದ್ದೆ ಮಾಡುತ್ತಿದ್ದಾಳೆಂದು ಹೇಳಿಸುತ್ತಿದ್ದಳು.

ಪಕ್ಕದ ಬಾಗಿಲೊಂದಿದೆ. ಅದು ತೆರೆಯುವುದು ಆ ಖಾಲಿ ಪಟ್ಟಿಗೆ. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವನು ಟೇಪು ಹಿಡಿದು ಅಳೆದು ತಲೆ ಕೆರೆದುಕೊಂಡ.

"ಎರಡಡಿ ಎತ್ತರ ಇದೆ. ಅಮ್ಮ ತಾವೇ ಇಳೀಬೇಕು ಅಂದ್ರೆ ಒಂದಡಿಗೆ ಹನ್ನೆರಡಡಿ ಇಳಿಜಾರು ಬೇಕು. ಇಪ್ಪತ್ನಾಲ್ಕಡಿ. ಜಾಗ ಏನೋ ಇದೆ, ಆದ್ರೆ ಈ ಕಾರು ತೆಗೀದೆ ಒಂದು ಇಟ್ಟಿಗೆನೂ ಇಡೋಕಾಗಲ್ಲ."

ಆ ದಿನವೇ ತಕ್ಕಡಿಯವರ ಮನೆಗೆ ಹೋದೆ. ಸಮಾಧಾನವಾಗಿಯೇ ಹೇಳಿದೆ, ಆಣೆಯಿಟ್ಟು ಹೇಳುತ್ತೇನೆ, ಸಮಾಧಾನವಾಗಿಯೇ ಹೇಳಿದೆ.

"ಜಾಗ ನಿಮ್ಮದೇ" ಎಂದರು ಅವರು. "ತೆಗೀಬೇಕು. ತೆಗೀತೀನಿ. ಸ್ವಲ್ಪ ದಿನ ಕೊಡಿ."

ಒಂದು ತಿಂಗಳು ಕೊಟ್ಟೆ. ಮತ್ತೆ ಹೋದೆ. ಮತ್ತೆ ಅದೇ ಮಾತು. ಎರಡನೇ ತಿಂಗಳು, ಮೂರನೇ ತಿಂಗಳು. ಜಗಳಕ್ಕೆ ಬರುವವನ ಜೊತೆ ಜಗಳ ಆಡಬಹುದು. ಎಲ್ಲದಕ್ಕೂ ಹೌದು ಎಂದು ಏನೂ ಮಾಡದವನ ಜೊತೆ ಏನು ಮಾಡುವುದು? ನನ್ನ ಹೊಟ್ಟೆ ಉರಿಯತೊಡಗಿತು. ಹಾಗೆ ಉರಿಯುವಾಗ ತುಪ್ಪ ಸುರಿಯಲು ಜನ ಇದ್ದೇ ಇರುತ್ತಾರೆ. ಅಂಗಡಿಗೆ ಬಂದ ಗಿರಾಕಿಯೊಬ್ಬ, "ಹನ್ನೆರಡು ವರ್ಷ ಸುಮ್ನಿರಿ, ಆಮೇಲೆ ಜಾಗ ಅವರ ಹೆಸರಿಗೆ ಹೋಗತ್ತೆ. ದಿನಾ ಬಂದು ಗಾಜು ಒರೆಸ್ತಾರೆ ಅಂದ್ರೆ ಸುಮ್ನೆನಾ" ಎಂದ. ನಾನದನ್ನು ನಂಬಲಿಲ್ಲ. ನಂಬಲಿಲ್ಲ ಎಂದುಕೊಂಡೆ. ಆದರೆ ಮರುದಿನ ಬೆಳಿಗ್ಗೆ ಅವರು ಕರವಸ್ತ್ರ ತೆಗೆದಾಗ ನನ್ನ ಮೈಯೆಲ್ಲ ಉರಿಯಿತು.

ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಪೂರ್ತಿ ಕೇಳಿಸಿಕೊಂಡರು.

"ರಸ್ತೆ ಮೇಲಿದ್ದಿದ್ರೆ ಇವತ್ತೇ ಎತ್ತಿಸ್ತಿದ್ದೆ. ನಿಮ್ಮ ಸ್ವಂತ ಜಾಗದಲ್ಲಿದೆ, ನಿಲ್ಲಿಸು ಅಂದಿದ್ದೂ ನೀವೇ. ಇದಕ್ಕೆ ನಾವು ಕೈ ಹಾಕೋಹಾಗಿಲ್ಲ. ವಕೀಲರನ್ನ ನೋಡಿ."

ವಕೀಲರನ್ನು ನೋಡಿದೆ. ಅವರು ಒಂದು ನೋಟಿಸು ಬರೆದರು. ಹದಿನೈದು ದಿನದೊಳಗೆ ವಾಹನ ತೆರವು ಮಾಡತಕ್ಕದ್ದು, ಇಲ್ಲದಿದ್ದಲ್ಲಿ ಮುಂದಿನ ಕಷ್ಟನಷ್ಟಗಳಿಗೆ ತಾವೇ ಹೊಣೆ. ನಡುವೆ ಒಂದು ಕಡೆ 'ಜಾಗವನ್ನು ಕಬಳಿಸುವ ದುರುದ್ದೇಶದಿಂದ' ಎಂದಿತ್ತು. ಓದಿದೆ, ಹೊಡೆದುಹಾಕಿ ಎನ್ನಬಹುದಿತ್ತು. ಎನ್ನಲಿಲ್ಲ. ಸಹಿ ಹಾಕಿದೆ.

ನೋಟಿಸು ತಲುಪಿದ ಸಂಜೆ ತಕ್ಕಡಿಯವರು ನಮ್ಮ ಮನೆಗೆ ಬಂದರು. ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದರು. ಹೆಂಡತಿ ಕುರ್ಚಿ ತಳ್ಳಿಕೊಂಡು ಹೊರಕೋಣೆಗೆ ಬಂದು "ಕೂತ್ಕೊಳ್ಳಿ ಅಣ್ಣ" ಎಂದಳು. ಅವರು ಕೂರಲಿಲ್ಲ. ಅವಳ ಕಾಲಿದ್ದ ಜಾಗವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು.

"ನಿಮ್ಮ ತೊಂದರೆ ನನಗೆ ಗೊತ್ತಾಗ್ದೆ ಇಲ್ಲಮ್ಮ. ನನ್ನದೇ ತಪ್ಪು. ನಮ್ಮ ಕಾಂಪೌಂಡು ಎಂಟಡಿ ಒಡೆಸ್ತೀನಿ. ಕ್ರೇನಿನವನಿಗೆ ಹೇಳಿದೀನಿ, ಬರೋ ಭಾನುವಾರ ಎತ್ತಿ ನಮ್ಮ ಅಂಗಳದಲ್ಲಿ ಇಡ್ತಾನೆ." ಆಮೇಲೆ ನನ್ನ ಕಡೆ ತಿರುಗಿದರು. "ಇದ್ದ ಹಾಗೇ ಎತ್ತಬೇಕು ಅಂತ ಹೇಳಿದೀನಿ. ಅದಕ್ಕೇ ತಡ ಆಯ್ತು."

"ಆಗ್ಲಿ" ಎಂದೆ.

ಬಾಗಿಲ ಹತ್ತಿರ ಹೋದವರು ನಿಂತು, "ದುರುದ್ದೇಶ ಅನ್ನೋ ಪದ ಒಂದು ಬೇಡವಾಗಿತ್ತು" ಎಂದು ಮೆಲ್ಲಗೆ ಹೇಳಿ ಹೋದರು.

ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ. ಹೆಂಡತಿ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವರ ಕಾಂಪೌಂಡು ಒಡೆಯುವ ಸದ್ದು ಕೇಳಿಸಿತು. ಇಟ್ಟಿಗೆಗಳನ್ನು ಬಿಡಿಸಿ ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಆ ಇಟ್ಟಿಗೆಯ ಸಾಲು ನೋಡುವಾಗ ನನಗೆ ಏನಾದರೂ ಮಾಡಬೇಕು ಅನ್ನಿಸಿತು. ಕ್ಷಮಿಸಿ ಎಂದು ಹೋಗಿ ಹೇಳಿದ್ದರೆ ಸಾಕಾಗಿತ್ತು. ನನಗೆ ಆ ಮಾತು ಬರುವುದಿಲ್ಲ. ನಾಲಿಗೆಗಿಂತ ಕೈಯೇ ವಾಸಿ ಎಂದು ಬದುಕಿದವನು ನಾನು.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ನಾದಿನಿಯ ಮನೆಗೆ ಹೊರಟರು. ಶನಿವಾರ ಸಂಜೆ ಬರುತ್ತೇವೆ, ಮನೆ ಕಡೆ ಸ್ವಲ್ಪ ಕಣ್ಣಿಡಿ ಎಂದು ತಕ್ಕಡಿಯವರ ಹೆಂಡತಿ ಕಿಟಕಿಯಲ್ಲಿ ನನ್ನ ಹೆಂಡತಿಗೆ ಹೇಳಿಹೋದರು. ನಾನು ಅಂಗಡಿಗೆ ಹೋಗಿ ಸಾಮಾನೆಲ್ಲ ಹೊತ್ತುಕೊಂಡು ಬಂದೆ. ಬೀಗ ಹಾಕಿದ ಕಾರಿನ ಬಾಗಿಲು ತೆಗೆಯುವುದು ನಮ್ಮ ಕಸುಬಿನವರಿಗೆ ದೊಡ್ಡದಲ್ಲ. ಕೀಲಿ ಒಳಗೇ ಬಿಟ್ಟು ಬರುವ ಗಿರಾಕಿಗಳು ವಾರಕ್ಕೊಬ್ಬರು ಇರುತ್ತಾರೆ. ಗಾಜಿನ ಸಂದಿಯಲ್ಲಿ ತೆಳ್ಳನೆಯ ಪಟ್ಟಿ ಇಳಿಸಿದೆ, ಮೂರನೇ ಸಲಕ್ಕೆ ಬಾಗಿಲು ಬಿಟ್ಟುಕೊಂಡಿತು.

ಪಕ್ಕದ ಬಾಗಿಲಲ್ಲಿ ಹೆಂಡತಿ ಕುರ್ಚಿ ನಿಲ್ಲಿಸಿಕೊಂಡು ನೋಡುತ್ತಿದ್ದಳು.

"ಅಣ್ಣನ್ನ ಕೇಳಿದ್ರಾ?"

"ಕೇಳಿ ಮಾಡೋದು ಉಪಕಾರನಾ? ಸುಮ್ನಿರು."

"ಕೇಳದೆ ಮಾಡಿದ್ರೆ ಅದಕ್ಕೆ ಬೇರೆ ಹೆಸರಿದೆ ರೀ."

"ಭಾನುವಾರ ಗಾಡಿ ಎತ್ತೋವಾಗ ಬೀದಿಯವರೆಲ್ಲ ನೋಡ್ತಾರೆ. ಬೂಷ್ಟು ಹಿಡಿದ ಸೀಟು ನೋಡಿದ್ರೆ ಅವರಿಗೆ ಎಷ್ಟು ಸಂಕಟ ಆಗ್ಬೇಡ. ಮಗನ ಕಾರು ಅದು."

ಅವಳು ಕುರ್ಚಿ ತಿರುಗಿಸಿಕೊಂಡು ಒಳಗೆ ಹೋದಳು. ನನಗೆ ಹೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಅನುಭವದಿಂದ ಗೊತ್ತು.

ನಾನು ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಸತ್ತವರ ಕಾರುಗಳು ನನ್ನ ಅಂಗಡಿಗೆ ಎಷ್ಟೋ ಬಂದಿವೆ. ಮನೆಯವರು ದೂರ ನಿಂತು, 'ಎಲ್ಲ ತೆಗೆದುಬಿಡಿ, ಹೊಸದರ ಹಾಗೆ ಮಾಡಿ, ನಮ್ಮ ಕೈಲಿ ನೋಡೋಕಾಗಲ್ಲ' ಎನ್ನುತ್ತಾರೆ. ಕೆಲಸ ಮುಗಿಸಿ ಕೊಟ್ಟಾಗ ನನ್ನ ಕೈ ಹಿಡಿದು ಅತ್ತವರಿದ್ದಾರೆ. ನೆರೆಯವರೂ ಹಾಗೇ ಎಂದುಕೊಂಡೆ. ನೋಡಲಾಗದೆ ಇದ್ದುದರಿಂದಲೇ ಬಾಗಿಲು ತೆಗೆಯಲಿಲ್ಲ ಎಂದುಕೊಂಡೆ. ಇಪ್ಪತ್ತೆಂಟು ವರ್ಷದ ಕಸುಬು ನನಗೆ ಕಲಿಸಿದ್ದು ಇಷ್ಟು.

ಮುಂದಿನ ಸೀಟುಗಳನ್ನು ಹಳಿಯಿಂದ ಬಿಚ್ಚಿ ಹೊರಗಿಟ್ಟೆ. ಹಳೆಯ ಬಟ್ಟೆ ಕಿತ್ತೆ. ಸ್ಪಂಜು ಹುಡುಗನ ಭಾರಕ್ಕೆ ಒಂದು ಕಡೆ ಕುಳಿಬಿದ್ದಿತ್ತು, ಎಸೆದು ಹೊಸದು ಹಾಕಿದೆ. ನನ್ನ ಹತ್ತಿರವಿದ್ದ ಒಳ್ಳೆಯ ಬಟ್ಟೆ, ದೊಡ್ಡ ಗಿರಾಕಿಗೆಂದು ಎತ್ತಿಟ್ಟಿದ್ದು, ಅದನ್ನೇ ಹೊಲಿದೆ. ನೆಲದ ಹಾಸು ತೊಳೆದೆ. ಗಾಜಿನ ಒಳಮೈಯಲ್ಲಿ ಬೆರಳಿನ ಗುರುತುಗಳಿದ್ದವು, ತಿಕ್ಕಿ ತಿಕ್ಕಿ ತೆಗೆದೆ. ಕನ್ನಡಿ ಓರೆಯಾಗಿತ್ತು, ನೇರ ಮಾಡಿದೆ. ಹಿಂದಿನ ಸೀಟಿನ ಮೇಲೆ ಒಂದು ಬೂದು ಸ್ವೆಟರು ಬಿದ್ದಿತ್ತು. ಸಾಬೂನು ಹಾಕಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮಡಚಿಟ್ಟೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದ್ದ ಬಾಚಣಿಗೆ, ಪೆನ್ನು, ಅರ್ಧ ತಿಂದಿಟ್ಟ ಪೆಪ್ಪರಮಿಂಟು ಪೊಟ್ಟಣ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿದೆ. ಸಿಕ್ಕಿಕೊಂಡಿದ್ದ ಕೈಬ್ರೇಕು ಸಡಿಲಿಸಿದೆ. ಚಕ್ರಕ್ಕೆ ಗಾಳಿ ತುಂಬಿಸಿದೆ. ಕೊನೆಗೆ ನಿಂಬೆಯ ಪರಿಮಳದ ದ್ರವ ಹೊಡೆದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕಾರು ಅಂಗಡಿಯಿಂದ ಈಗ ತಾನೇ ಬಂದ ಹಾಗಿತ್ತು. ಸೊಂಟ ಹಿಡಿದುಕೊಂಡಿತ್ತು, ಆದರೂ ತಿಂಗಳುಗಳಿಂದ ಇಲ್ಲದ ಹಗುರ. ಗುನುಗುತ್ತಿದ್ದೆ ಎಂದು ಹೆಂಡತಿ ಆಮೇಲೆ ಹೇಳಿದಳು.

ಒಂದು ಮಾತು ಇಲ್ಲಿ ಹೇಳಬೇಕು. ಒಳ್ಳೆಯ ಸೀಟಿನವನು ಸೀಟು ಬಿಚ್ಚುವ ಮೊದಲು ಹಳಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾನೆ. ಹಳಿಗೆ ಹಲ್ಲುಗಳಿರುತ್ತವೆ, ಸೀಟು ಎಷ್ಟನೇ ಹಲ್ಲಿಗೆ ನಿಂತಿತ್ತೋ ಅಲ್ಲೇ ವಾಪಸು ಕೂರಿಸಬೇಕು, ಗಿರಾಕಿಯ ಕಾಲಿಗೆ ಹೊಂದಿಸಿದ್ದು ಕೆಡಬಾರದು. ನನ್ನ ಕೈಕೆಳಗೆ ಕಲಿತವರಿಗೆಲ್ಲ ನಾನು ಹೇಳಿಕೊಟ್ಟ ಮೊದಲ ಪಾಠ ಅದು. ಅಂದು ಗೆರೆ ಎಳೆಯಲಿಲ್ಲ. ಇದನ್ನು ಇನ್ನು ಯಾರು ಓಡಿಸುತ್ತಾರೆ ಎಂದು ಬಿಟ್ಟೆ. ಸೀಟನ್ನು ನಡುವೆ ಎಲ್ಲೋ ಕೂರಿಸಿ ಬಿಗಿದೆ.

ಸಂಜೆ ಐದಕ್ಕೆ ಅವರು ಬಂದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ. ಅವರ ಹೆಂಡತಿ ಒಳಗೆ ಹೋದರು. ತಕ್ಕಡಿಯವರು ಕೈಚೀಲ ಮೆಟ್ಟಿಲ ಮೇಲಿಟ್ಟು ನೇರ ಕಾರಿನ ಹತ್ತಿರ ಬಂದರು, ಒಂದು ದಿನ ತಪ್ಪಿತ್ತಲ್ಲ. ಜೇಬಿಗೆ ಕೈಹಾಕಿದರು, ಕರವಸ್ತ್ರ ತೆಗೆಯಲಿಲ್ಲ. ಗಾಜು ಆಗಲೇ ಹೊಳೆಯುತ್ತಿತ್ತು.

"ಸ್ವಲ್ಪ ಕೆಲಸ ಮಾಡಿದೆ" ಎಂದೆ. "ಒಳಗೆಲ್ಲ ಹಾಳಾಗಿತ್ತು. ನೋಡಿ, ಬಾಗಿಲು ತೆಗೆದೇ ಇದೆ."

ಅವರು ನನ್ನನ್ನು ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದರು. ನಿಂಬೆಯ ವಾಸನೆ ಹೊರಗೆ ಬಂತು. ಅವರು ತಲೆ ಒಳಗೆ ಹಾಕಿ ಉಸಿರೆಳೆದುಕೊಂಡರು, ಮತ್ತೊಮ್ಮೆ ಎಳೆದುಕೊಂಡರು. ಸ್ವೆಟರನ್ನು ಎತ್ತಿ ಮೂಗಿಗೆ ಹಿಡಿದರು. ಅದರಲ್ಲಿ ನಮ್ಮ ಮನೆಯ ಸಾಬೂನಿನ ವಾಸನೆ ಬಿಟ್ಟು ಬೇರೇನಿರಲು ಸಾಧ್ಯ? ಅವರು ಸ್ವೆಟರನ್ನು ಮಡಿಕೆ ಕೆಡದ ಹಾಗೆ ವಾಪಸು ಇಟ್ಟರು.

"ಸೀಟು ಎಷ್ಟನೇ ಹಲ್ಲಿಗಿತ್ತು?" ಎಂದು ಕೇಳಿದರು.

"ಯಾವುದು?"

"ಅವನ ಸೀಟು. ನೀವು ಬಿಚ್ಚಿದೀರಿ. ಬಿಚ್ಚೋಕೆ ಮುಂಚೆ ಎಷ್ಟನೇ ಹಲ್ಲಿಗಿತ್ತು?"

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಆತುರ ಇತ್ತು. ಏನೋ ಕಳೆದಿದೆ, ಈಗಲೇ ಹುಡುಕಿದರೆ ಸಿಕ್ಕೀತು ಎನ್ನುವವರ ದನಿ. ನನ್ನ ಬಾಯಿಂದ ಸುಳ್ಳು ಹೊರಟಿತು.

"ಕೊನೇ ಹಲ್ಲಿಗೆ. ಎತ್ತರದ ಹುಡುಗ ಅಲ್ವಾ."

ಅವರು ಮುಂದೆ ಬಗ್ಗಿ ಸೀಟಿನ ಕೆಳಗಿನ ಪಟ್ಟಿ ಎತ್ತಿ ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿದರು. ಬಾಗಿಲು ಹಾಕಿ, ದಿನಾ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಗಾಜಿನೊಳಗೆ ನೋಡಿದರು. ತಲೆ ಅಲ್ಲಾಡಿಸಿದರು.

"ಅಲ್ಲ. ಇಷ್ಟು ಹಿಂದೆ ಇರ್ಲಿಲ್ಲ. ಸೀಟಿನ ಬೆನ್ನಿಗೂ ಬಾಗಿಲ ಕಂಬಕ್ಕೂ ನಡುವೆ ನಾಲ್ಕು ಬೆರಳು ಕಾಣ್ತಿತ್ತು."

ಮತ್ತೆ ಬಾಗಿಲು ತೆಗೆದು ಒಂದು ಹಲ್ಲು ಮುಂದೆ ತಂದರು. ಟಕ್ ಎಂದಿತು. ಬಾಗಿಲು ಹಾಕಿ ನೋಡಿದರು. ಇನ್ನೊಂದು ಹಲ್ಲು. ಗಾಜಿಗೆ ಬೆರಳು ಜೋಡಿಸಿ ಹಿಡಿದು ಅಳೆದರು. ಇನ್ನೊಂದು. ನನ್ನ ಹೊಸ ಸ್ಪಂಜು ಹಳೆಯದಕ್ಕಿಂತ ದಪ್ಪ, ಬೆನ್ನಿನ ಆಕಾರವೇ ಬದಲಾಗಿತ್ತು. ಯಾವ ಹಲ್ಲಿಗಿಟ್ಟರೂ ಆ ನಾಲ್ಕು ಬೆರಳು ಕೂಡಿಬರುವುದು ಸಾಧ್ಯವಿರಲಿಲ್ಲ. ಅದು ನನಗೆ ಗೊತ್ತಿತ್ತು, ಹೇಳುವ ಧೈರ್ಯ ಬರಲಿಲ್ಲ. ಬೀದಿಯ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತಿದ ಮನುಷ್ಯ ಅರ್ಧ ಗಂಟೆ ಆ ಸೀಟನ್ನು ಹಿಂದೆ ಮುಂದೆ ಎಳೆದರು. ಕೊನೆಗೆ ಕೈಬಿಟ್ಟು ನಿಂತರು.

"ಆವತ್ತು ಬೆಳಿಗ್ಗೆ ಹೊರಡೋವಾಗ ಬೈಕಲ್ಲಿ ಹೋಗ್ತೀನಿ ಅಂದ" ಎಂದರು, ನನಗೋ ಕಾರಿಗೋ. "ಹಿಂದಿನ ದಿನ ಕಾಲು ಚಾಚಿ ಕೂತು, ಸೀಟು ಹಿಂದಕ್ಕೆ ತಳ್ಳಿ, ಫೋನಲ್ಲಿ ಯಾರ ಜೊತೆನೋ ಮಾತಾಡ್ತಿದ್ದ. ಇಳಿದು ಬಾಗಿಲು ಹಾಕಿದ. ಆಮೇಲೆ ಯಾರೂ ತೆಗೆದಿರ್ಲಿಲ್ಲ."

ಹೆಂಡತಿ ಪಕ್ಕದ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ನಾನು ಬಾಚಣಿಗೆ ಪೆನ್ನುಗಳ ಚೀಲ ಮುಂದೆ ಹಿಡಿದೆ. ಅವರು ತೆಗೆದುಕೊಂಡರು. "ತುಂಬಾ ಶ್ರಮ ಪಟ್ಟಿದೀರಿ" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಭಾನುವಾರ ಕ್ರೇನು ಬರಲಿಲ್ಲ. ಬೇಡವೆಂದು ಹೇಳಿದ್ದರು. ಸೋಮವಾರ ಹಳೆಯ ಕಾರು ಕೊಳ್ಳುವವನೊಬ್ಬ ಬಂದು, ಸೀಟುಗಳನ್ನು ಒತ್ತಿ ನೋಡಿ, ಕೆಲಸ ಚೆನ್ನಾಗಿದೆ ಎಂದು ಹೊಗಳಿ, ಬೇರೆ ಬ್ಯಾಟರಿ, ಹೊಸ ಪೆಟ್ರೋಲು ಹಾಕಿ ಓಡಿಸಿಕೊಂಡು ಹೋದ. ತಕ್ಕಡಿಯವರು ಆಗ ಕೆಲಸಕ್ಕೆ ಹೋಗಿದ್ದರು. ಎರಡೂವರೆ ವರ್ಷ ಅಡ್ಡ ನಿಂತದ್ದು ಎರಡು ನಿಮಿಷದಲ್ಲಿ ಹೋಯಿತು. ಒಡೆದ ಕಾಂಪೌಂಡನ್ನು ಅವರು ಮತ್ತೆ ಕಟ್ಟಿಸಲಿಲ್ಲ.

ಮೇಸ್ತ್ರಿ ಹನ್ನೆರಡು ದಿನದಲ್ಲಿ ಇಳಿಜಾರು ಕಟ್ಟಿ ಮುಗಿಸಿದ. ಕೈ ಹಿಡಿಯಲು ಕಬ್ಬಿಣದ ಕಂಬಿ ಹಾಕಿದ. ಸಿಮೆಂಟು ಗಟ್ಟಿಯಾದ ದಿನ ಹೆಂಡತಿ ತಾನೇ ಚಕ್ರ ಹಿಡಿದು, ಯಾರ ಕೈಯೂ ಇಲ್ಲದೆ ಕೆಳಗೆ ಇಳಿದಳು. ನಾನು ಹಿಂದೆಯೇ ನಿಂತಿದ್ದೆ. ಬೀದಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ಕೂತಳು. ಈ ಗಳಿಗೆಗಾಗಿ ನಾನು ಪೊಲೀಸರ ಬಳಿ, ವಕೀಲರ ಬಳಿ ಅಲೆದಿದ್ದೆ. ಸಂತೋಷವಾಗಬೇಕಿತ್ತು.

"ಮಾರುಕಟ್ಟೆವರೆಗೆ ಹೋಗೋಣ್ವಾ?" ಎಂದೆ.

"ನಾನು ಮೊದಲು ಅಣ್ಣನ ಮನೆಗೆ ಹೋಗ್ತೀನಿ. ನೀವು ಬನ್ನಿ."

"ನೀನು ಹೋಗು."

ಅವಳು ನನ್ನನ್ನು ಬಲವಂತ ಮಾಡಲಿಲ್ಲ. ಒಬ್ಬಳೇ ಹೋದಳು. ಒಡೆದ ಗೋಡೆಯ ಸಂದಿಯಲ್ಲಿ ಕುರ್ಚಿ ಒಳಗೆ ಹೋದುದನ್ನು ನೋಡಿ ನಾನು ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡೆ. ಮಾಡಲು ಏನೂ ಇರಲಿಲ್ಲ. ಅಂಗಡಿಗೂ ಹೋಗಲು ಮನಸ್ಸಾಗಲಿಲ್ಲ. ಒಂದು ಗಂಟೆಯ ಮೇಲೆ ಪಕ್ಕದ ಬಾಗಿಲು ಬಡಿದ ಸದ್ದಾಯಿತು. ತೆಗೆದೆ. ಇಳಿಯುವಾಗ ಅವಳಿಗೆ ಯಾರೂ ಬೇಡ, ಹತ್ತುವಾಗ ಮಾತ್ರ ಹಿಂದಿನಿಂದ ತಳ್ಳಬೇಕು. ಕುರ್ಚಿಯ ಹಿಡಿ ಹಿಡಿದು ನಿಂತಿದ್ದವರು ತಕ್ಕಡಿಯವರು. ಹಣೆಯ ಮೇಲೆ ಬೆವರಿತ್ತು, ಸ್ವಲ್ಪ ಏದುತ್ತಿದ್ದರು.

"ಬನ್ನಿ ಒಳಗೆ" ಎಂದೆ.

"ಇಲ್ಲ, ಬರ್ತೀನಿ." ಕುರ್ಚಿಯನ್ನು ಹೊಸ್ತಿಲು ದಾಟಿಸಿ ಕೈ ಬಿಟ್ಟರು. ಹೋಗಲಿಲ್ಲ. ಕಂಬಿ ಹಿಡಿದುಕೊಂಡು, ಬೇರೆಯವರಿಗೆ ಕೇಳಿಸಬಾರದು ಎನ್ನುವ ಹಾಗೆ ನನ್ನ ಹತ್ತಿರ ಬಗ್ಗಿದರು.

"ಕಾರು ಹೋಯ್ತು ಬಿಡಿ, ಅದಕ್ಕಲ್ಲ. ಎಷ್ಟನೇ ಹಲ್ಲಿಗಿತ್ತು ಅಂತ ಏನಾದ್ರೂ ನೆನಪಾಯ್ತಾ ನಿಮಗೆ? ಸಂಖ್ಯೆ ಒಂದು ಗೊತ್ತಿದ್ರೆ ಸಾಕಾಗಿತ್ತು."

ಯಾವುದಾದರೂ ಒಂದು ಸಂಖ್ಯೆ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಐದು ಎಂದರೆ ಐದನ್ನೇ ನಂಬಿ ಮನೆಗೆ ಹೋಗುತ್ತಿದ್ದರು. ಹೆಂಡತಿ ಕುರ್ಚಿಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ" ಎಂದೆ. "ನಾನು ನೋಡ್ಲೇ ಇಲ್ಲ."

ಅವರು ತಲೆಯಾಡಿಸಿದರು. ಕಂಬಿ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಇಳಿದು ಹೋದರು.